ಹದ್ದು ಹುಡುಕುವ ಮುಂಚೆ ಇಲಿ ಬಿಲ ಎಣಿಸಿ: ಎರಿ ಸೀಮೆಯಲ್ಲಿ ಬೇಟೆ ಹಕ್ಕಿಗಳ ಜಾಡು ಹಿಡಿಯುವ ಕ್ರಮ

ದೀಪಾವಳಿ ಮುಗಿದ ಮೇಲೆ ವಿಜಯಪುರದಿಂದ ಬಬಲೇಶ್ವರದ ಕಡೆಗೋ, ಬಾಗಲಕೋಟೆಯಿಂದ ಬೀಳಗಿ ಕಡೆಗೋ ಬೆಳಿಗ್ಗೆ ಬೈಕಿನಲ್ಲಿ ಹೊರಡಿ. ಕರೆಂಟಿನ ತಂತಿ ಮೇಲೆ ಒಂದು, ಜೋಳದ ಹೊಲದ ಮೇಲೆ ತೇಲಾಡುತ್ತ ಇನ್ನೊಂದು, ಹೀಗೆ ಬೇಟೆ ಹಕ್ಕಿಗಳು ಕಾಣುತ್ತವೆ. ಅದೇ ದಾರಿಯಲ್ಲಿ ಮೇ ತಿಂಗಳಲ್ಲಿ ಹೋದರೆ ಅವುಗಳಲ್ಲಿ ಬಹಳಷ್ಟು ಇರುವುದಿಲ್ಲ. ಚಳಿಗಾಲಕ್ಕೆ ಬಂದಿದ್ದವು, ಬಿಸಿಲಿಗೆ ಹೋದವು ಅಂತ ಜನ ಹೇಳುತ್ತಾರೆ. ಆದರೆ ಹಕ್ಕಿಗೆ ಚಳಿ ಅಂಥಾ ದೊಡ್ಡ ವಿಷಯವೇ ಅಲ್ಲ, ಮೈತುಂಬ ಗರಿ ಇದೆ. ಕಜಾಕಿಸ್ತಾನದ ಹುಲ್ಲುಗಾವಲಿನಲ್ಲಿ ಹಿಮ ಬಿದ್ದು ಮಿಡತೆ ಸತ್ತು, ಇಲಿಗಳೆಲ್ಲ ಹಿಮದ ಕೆಳಗೆ ಸೇರಿಕೊಂಡಾಗ ಅಲ್ಲಿ ತಿನ್ನಲು ಸಿಗುವುದಿಲ್ಲ, ಅದಕ್ಕೇ ಅವು ಇಲ್ಲಿಗೆ ಬರುತ್ತವೆ. ವಾಪಸ್ ಹೋಗುವುದಕ್ಕೂ ಊಟವೇ ಕಾರಣ: ಅಲ್ಲಿ ಬೇಸಿಗೆಯಲ್ಲಿ ಹಗಲು ಉದ್ದ, ಇಲಿ ಮತ್ತು ಹುಳ ದಂಡಿ, ಮರಿ ಸಾಕಲು ಅದಕ್ಕಿಂತ ಒಳ್ಳೇ ಜಾಗ ಸಿಗದು.

ಹಾಗಾಗಿ ಈ ಬರಹದ ಒಟ್ಟು ವಿಧಾನ ಇಷ್ಟೇ. ಹಕ್ಕಿ ಹುಡುಕಬೇಡಿ, ಅದರ ಊಟ ಹುಡುಕಿ. ಊಟ ಎಲ್ಲಿದೆ, ಯಾವಾಗ ಜಾಸ್ತಿ, ಯಾವಾಗ ಖಾಲಿ ಅನ್ನುವುದನ್ನು ಬರೆದಿಟ್ಟರೆ ಹಕ್ಕಿಯ ಲೆಕ್ಕ ತಾನಾಗಿಯೇ ಅರ್ಥವಾಗುತ್ತ ಹೋಗುತ್ತದೆ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. 8x42 ಬೈನಾಕ್ಯುಲರ್, ಒಂದು ನೋಟ್‌ಬುಕ್, ಪೆನ್ಸಿಲ್, ಗಟ್ಟಿ ಬೂಟು, ನೀರಿನ ಬಾಟಲಿ ಸಾಕು. ಬೂಟು ಮಾತ್ರ ಬಿಡಬೇಡಿ. ಇಲಿ ಇರುವ ಕಡೆ ಹಾವು ಇರುತ್ತದೆ.

ಮೊದಲು: ಒಂದು ದಾರಿ ಗೊತ್ತು ಮಾಡಿಕೊಳ್ಳಿ

ನಿಮ್ಮ ಊರಿನ ಹತ್ತಿರ ಹತ್ತು-ಹದಿನೈದು ಕಿಲೋಮೀಟರಿನ ಒಂದು ದಾರಿ ಆರಿಸಿ. ವರ್ಷಪೂರ್ತಿ ಅದೇ ದಾರಿ. ಈ ವಾರ ಯಡಹಳ್ಳಿ, ಮುಂದಿನ ವಾರ ಆಲಮಟ್ಟಿ, ಆಮೇಲೆ ಭೀಮಗಡ ಅಂತ ಸುತ್ತಿದರೆ ಫೋಟೋ ಸಿಗುತ್ತವೆ, ಋತುವಿನ ಲೆಕ್ಕ ಸಿಗುವುದಿಲ್ಲ.

ದಾರಿಯಲ್ಲಿ ಮೂರು-ನಾಲ್ಕು ಬಗೆಯ ನೆಲ ಬರುವಂತೆ ನೋಡಿಕೊಳ್ಳಿ: ಹಿಂಗಾರಿ ಜೋಳ, ಕಡಲೆ ಬೆಳೆಯುವ ಎರಿ (ಕರಿ ಮಣ್ಣಿನ) ಹೊಲ, ಮಡ್ಡಿ ಅಂದರೆ ಉಳದೆ ಬಿಟ್ಟ ಹುಲ್ಲಿನ ಗಟ್ಟಿ ನೆಲ, ಒಂದು ಹಳ್ಳ ಇಲ್ಲವೇ ಕೆರೆ, ಸಾಧ್ಯವಾದರೆ ಸ್ವಲ್ಪ ಕಬ್ಬು. ವಿಜಯಪುರದವರಿಗೆ ಡೋಣಿ ಸಾಲಿನ ಹೊಲಗಳು ಮತ್ತು ಮಮದಾಪುರದ ಕೆರೆ ಕಡೆಯ ದಾರಿ ಚೆನ್ನಾಗಿದೆ. ಬಾಗಲಕೋಟೆಯವರಿಗೆ ಬೀಳಗಿ-ಮುಧೋಳ ನಡುವಿನ ಮಡ್ಡಿಗಳು. 2016ರಲ್ಲಿ ಯಡಹಳ್ಳಿಯನ್ನು ಚಿಂಕಾರಾ ಅಭಯಾರಣ್ಯ ಅಂತ ಘೋಷಿಸಿದ್ದಾರೆ, ಅದರ ಸುತ್ತಲಿನ ಬಯಲು ಹೇಗಿದೆ ಅಂತ ನೋಡಿದರೆ ಎಂಥ ನೆಲ ಬೇಕು ಅನ್ನುವುದು ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯವರು ಸವದತ್ತಿ, ಗೋಕಾಕ ಕಡೆಯ ಬಯಲು ಹಿಡಿಯಲಿ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇರುವುದರಿಂದ ನೀರಿನ ಹಕ್ಕಿ ಹಿಡಿಯುವ ಬೇಟೆಗಾರರನ್ನೂ ನೋಡಬಹುದು. ಖಾನಾಪುರದ ಕಾಡಿನ ಲೆಕ್ಕವೇ ಬೇರೆ, ಈ ಬರಹ ಅಲ್ಲಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಹೋದರೂ ಸಾಕು. ಹೊತ್ತು ಮಾತ್ರ ಬದಲಿಸಬೇಡಿ. ಹುಲ್ಲಿನ ಮೇಲೆ ತೇಲುವ ಹಕ್ಕಿಗಳು ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಮತ್ತೆ ಸಂಜೆ ನಾಲ್ಕರ ಮೇಲೆ ಚುರುಕು. ದೊಡ್ಡ ಹದ್ದುಗಳು ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೂ ಕೂತೇ ಇರುತ್ತವೆ. ಎಂಟು ಗಂಟೆಗೆ ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ.

ಆಮೇಲೆ: ಊಟದ ಲೆಕ್ಕ

ಇದು ಬೇಸರದ ಕೆಲಸ ಅಂತ ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದೇ ಇದು.

ಮಿಡತೆ ಎಣಿಸುವುದು ಸುಲಭ. ಹುಲ್ಲಿರುವ ಒಂದು ಬದು ಗುರುತಿಟ್ಟುಕೊಳ್ಳಿ. ಬಿಸಿಲು ಏರಿದ ಮೇಲೆ ಆ ಬದುವಿನ ಮೇಲೆ ನೂರು ಹೆಜ್ಜೆ ನಿಧಾನವಾಗಿ ನಡೆಯಿರಿ. ಕಾಲ ಮುಂದೆ ಎಷ್ಟು ಮಿಡತೆ ಹಾರಿದವು ಅಂತ ಎಣಿಸಿ. ನಸುಕಿನಲ್ಲಿ ಎಣಿಸಬೇಡಿ, ಥಂಡಿಗೆ ಅವು ಹಾರುವುದೇ ಇಲ್ಲ, ಲೆಕ್ಕ ತಪ್ಪುತ್ತದೆ. ಪ್ರತಿಸಲ ಅದೇ ಬದು, ಅದೇ ಹೊತ್ತು.

ಇಲಿಗೆ ಒಂದು ಹಳೆಯ, ಖರ್ಚಿಲ್ಲದ ಉಪಾಯ ಇದೆ, ಕೃಷಿ ಇಲಾಖೆಯವರೂ ಇದನ್ನೇ ಹೇಳಿಕೊಡುತ್ತಾರೆ. ಸಂಜೆ ಹೊತ್ತು ಒಂದು ಹೊಲದ ಬದುವಿನಲ್ಲಿರುವ ಬಿಲಗಳ ಬಾಯನ್ನೆಲ್ಲ ಮಣ್ಣು ಎಳೆದು ಮುಚ್ಚಿ. ಮರುದಿನ ಬೆಳಿಗ್ಗೆ ಹೋಗಿ ಎಷ್ಟು ತೆರೆದಿವೆ ನೋಡಿ. ತೆರೆದವು ಇಲಿ ಇರುವ ಬಿಲ, ಉಳಿದವು ಪಾಳುಬಿದ್ದ ಬಿಲ. ಕೈ ಹಾಕಬೇಡಿ, ಸಲಿಕೆಯಿಂದಲೋ ಬೂಟಿನ ಹಿಮ್ಮಡಿಯಿಂದಲೋ ಮುಚ್ಚಿ. ಒಂದೇ ಇಲಿಗೆ ಎರಡು ಮೂರು ಬಾಯಿ ಇರುತ್ತವೆ, ಹಾಗಾಗಿ ಇದರಿಂದ ಇಲಿಗಳ ನಿಜವಾದ ಸಂಖ್ಯೆ ಸಿಗದು. ಏರಿತೋ ಇಳಿಯಿತೋ ಅನ್ನುವುದು ಸಿಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ. ಕೇಳುವ ನೆಪದಲ್ಲಿ ಅರ್ಧ ಮಾಹಿತಿ ಅಲ್ಲೇ ಸಿಗುತ್ತದೆ. "ಕಾಕಾರ, ಈ ಸಲ ಇಲಿ ಕಾಟ ಹ್ಯಾಂಗೈತ್ರಿ?" ಅಂದರೆ "ಏನ್ ಕೇಳ್ತಿಯೋ ತಮ್ಮಾ, ತೆನಿ ಎಲ್ಲಾ ಕಡದ ಹಾಕ್ಯಾವು" ಅನ್ನುವ ಉತ್ತರ ಬಂತೋ, ಆ ಹೊಲದ ಸುತ್ತಲಿನ ಜಾಲಿ ಗಿಡಗಳ ತುದಿ ನೋಡಿ. ಬಿಳಿ ಮೈಯ, ಹೆಗಲ ಮೇಲೆ ಕಪ್ಪು ಪಟ್ಟಿಯ, ಕೆಂಪು ಕಣ್ಣಿನ ರಾಮದಾಸ ಹದ್ದು ಕೂತಿರುವ ಸಾಧ್ಯತೆ ಜಾಸ್ತಿ. ಕುರಿ ಮಂದೆ ಕಟ್ಟಿಕೊಂಡು ಊರೂರು ತಿರುಗುವ ಕುರಿಗಾರರನ್ನೂ ಮಾತಾಡಿಸಿ. ಯಾವ ಮಡ್ಡಿಯಲ್ಲಿ ಈ ವರ್ಷ ಹುಲ್ಲು ಎದ್ದಿದೆ ಅಂತ ಅವರಿಗಿಂತ ಚೆನ್ನಾಗಿ ಹೇಳುವವರು ಇಲ್ಲ.

ಜತೆಗೆ ಮೂರು ಸಣ್ಣ ವಿಷಯ ಬರೆದುಕೊಳ್ಳಿ: ಕಳೆದ ವಾರ ಮಳೆ ಆಯಿತಾ, ಬೆಳೆ ಯಾವ ಹಂತದಲ್ಲಿದೆ, ನೆಲಗುಬ್ಬಿ ಮತ್ತು ಕಬ್ಬಕ್ಕಿಗಳ ಹಿಂಡು ಕಂಡವಾ.

ಯಾರು ಯಾರು ಅಂತ ಗುರುತು ಹಿಡಿಯುವುದು

ಎಲ್ಲ ಜಾತಿ ಒಮ್ಮೆಲೇ ಕಲಿಯಲು ಹೋಗಬೇಡಿ. ಬಣ್ಣಕ್ಕಿಂತ ಹಾರುವ ರೀತಿ ನೋಡಿ, ಬಣ್ಣ ಮೋಸ ಮಾಡುತ್ತದೆ.

ಬಾಲ ಕವಲಾಗಿದ್ದರೆ ಊರ ಹದ್ದು. ಬೆಳೆಯ ಮೇಲೆ ಆಳೆತ್ತರದಲ್ಲಿ, ರೆಕ್ಕೆಯನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಎತ್ತಿ ಹಿಡಿದು, ಆಚೀಚೆ ಓಲಾಡುತ್ತ ಹೋಗುವುದು ಸೆಳೆವ, ಅಂದರೆ ಹ್ಯಾರಿಯರ್. ಇದರ ಮುಖದ ಗರಿ ಗೂಗಿಯ ಮುಖದ ಹಾಗೆ ತಟ್ಟೆಯಾಕಾರದಲ್ಲಿರುತ್ತದೆ. ಹುಲ್ಲಿನೊಳಗೆ ಸರಿದಾಡುವ ಸಪ್ಪಳವನ್ನು ಕೇಳಿಸಿಕೊಂಡೇ ಅದು ಎರಗಬಲ್ಲದು, ಅದಕ್ಕೇ ಅಷ್ಟು ಕೆಳಗೆ, ಅಷ್ಟು ನಿಧಾನಕ್ಕೆ ಹಾರುವುದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವವು ಮೂರು: ಕಂದು ಬೆನ್ನಿನ ಸಣ್ಣ ಚಾಣ (ಕೆಸ್ಟ್ರೆಲ್), ಬಿಳಿಯ ರಾಮದಾಸ ಹದ್ದು, ದೊಡ್ಡ ತಲೆಯ ದೊಡ್ಡ ಹಾವುಗಿಡುಗ. ಮೂರರ ಗಾತ್ರ ಬೇರೆ ಬೇರೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಸೆಳೆವಗಳಲ್ಲಿ ನಮ್ಮ ಕಡೆ ಮುಖ್ಯವಾಗಿ ಮೂರು. ಜೌಗು ಸೆಳೆವದ ಹೆಣ್ಣು ಗಾಢ ಕಂದು, ತಲೆ ಮಾತ್ರ ಕೆನೆ ಬಣ್ಣ, ಕೆರೆ-ಹಿನ್ನೀರಿನ ಜೊಂಡಿನ ಮೇಲೆ ಸುತ್ತುತ್ತದೆ. ಮಾಂಟೆಗು ಮತ್ತು ಪ್ಯಾಲಿಡ್ ಸೆಳೆವಗಳ ಗಂಡು ಬೂದು ಬಣ್ಣ. ಮಾಂಟೆಗುವಿನ ರೆಕ್ಕೆ ಮೇಲೆ ಉದ್ದಕ್ಕೆ ಒಂದು ಕರಿ ಗೆರೆ ಇರುತ್ತದೆ. ಪ್ಯಾಲಿಡ್ ತೀರ ಬೆಳ್ಳಗೆ, ರೆಕ್ಕೆ ತುದಿಯಲ್ಲಿ ಮಾತ್ರ ಕಪ್ಪು. ಇವೆರಡರ ಹೆಣ್ಣು ಮತ್ತು ಮರಿಗಳು ಕಂದು, ಸೊಂಟದ ಹತ್ತಿರ ಬಿಳಿ ಪಟ್ಟಿ. ಹೆಣ್ಣುಗಳನ್ನು ಬಿಡಿಸಿ ಹೇಳಲು ಪಳಗಿದವರೂ ತಡವರಿಸುತ್ತಾರೆ. "ಕಂದು ಸೆಳೆವ" ಅಂತ ಬರೆದು ಮುಂದೆ ಹೋಗಿ, ಸುಮ್ನೆ ಊಹೆ ಮಾಡಿ ಹೆಸರು ಹಾಕಬೇಡಿ.

ಇನ್ನು ವರ್ಷದ ಸುತ್ತು

ಮಿರಗದ ಮಳೆಯಿಂದ, ಅಂದರೆ ಜೂನ್‌ನಿಂದ ಶುರು ಮಾಡೋಣ. ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿಗೆ ರೆಕ್ಕೆ ಬಂದು ಏಳುತ್ತವೆ. ಊರ ಹದ್ದುಗಳು ಆಕಾಶದಲ್ಲೇ ಅವನ್ನು ಕಾಲಿನಿಂದ ಹಿಡಿದು ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುವುದನ್ನು ಆಗ ನೋಡಬೇಕು. ಚಳಿಗಾಲಕ್ಕೆ ವಲಸೆ ಬರುವ ಬೇಟೆ ಹಕ್ಕಿಗಳು ಆಗ ಬಹುತೇಕ ಇಲ್ಲ. ಜೋರು ಮಳೆಯ ಪ್ರದೇಶಗಳಿಂದ ಊರ ಹದ್ದುಗಳು ಮಳೆಗಾಲದಲ್ಲಿ ಸರಿದುಹೋಗಿ, ಮಳೆ ನಿಂತ ಮೇಲೆ ಮರಳುತ್ತವೆ ಅನ್ನುವುದು ಪಕ್ಷಿ ನೋಡುವವರಿಗೆ ಹಳೆಯ ವಿಷಯ. ಬೆಳಗಾವಿ, ಖಾನಾಪುರದ ಕಡೆ ಇರುವವರು ಜುಲೈ, ಆಗಸ್ಟಿನಲ್ಲಿ ಇದನ್ನು ಎಣಿಸಿ ನೋಡಬಹುದು. ಅದೇ ವಿಜಯಪುರದ ಮಾಂಸದ ಅಂಗಡಿ ಸಾಲಿನ ಮೇಲೆ ಸುತ್ತುವ ಹದ್ದುಗಳನ್ನೂ ಎಣಿಸಿಡಿ. ದಿನಾ ಊಟ ಸಿಗುವ ಕಡೆ ಹಕ್ಕಿ ಯಾಕೆ ಊರು ಬಿಡುತ್ತದೆ? ಈ ಎರಡು ಲೆಕ್ಕ ಅಕ್ಕಪಕ್ಕ ಇಟ್ಟರೆ ಇಡೀ ವಿಷಯ ತಲೆಗೆ ಹತ್ತುತ್ತದೆ.

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಅಂದರೆ ಉತ್ತರಿ-ಹಸ್ತ ಮಳೆಗೆ ಹಿಂಗಾರಿ ಬಿತ್ತನೆ ನಡೆಯುವಾಗ, ಸೆಳೆವ ಮತ್ತು ಚಾಣಗಳು ಬರಲು ಶುರು. ಮಡ್ಡಿಯ ಹುಲ್ಲು ಆಗ ಮೊಣಕಾಲೆತ್ತರ, ಮಿಡತೆ ದಂಡಿ. ಇಲ್ಲಿಗೆ ಬರುವ ಸೆಳೆವಗಳು ಕಜಾಕಿಸ್ತಾನ, ದಕ್ಷಿಣ ರಷ್ಯಾದ ಹುಲ್ಲು ಬಯಲಿನಲ್ಲಿ ಮರಿ ಮಾಡಿಕೊಂಡು ಬಂದವು. ಟ್ರ್ಯಾಕ್ಟರ್ ಹೊಡೆಯುವ ಹೊಲ ಕಂಡರೆ ನಿಲ್ಲಿ. ಮಣ್ಣು ಮಗುಚಿದಾಗ ಹೊರಬರುವ ಹುಳಕ್ಕೆ ಬೆಳ್ಳಕ್ಕಿ ಜತೆ ಹದ್ದೂ ಸೇರುತ್ತದೆ.

ನವೆಂಬರಿನಲ್ಲಿ ಒಂದು ವಿಶೇಷ. ಅಮುರ್ ಚಾಣ ಅಂತ ಒಂದು ಪುಟ್ಟ ಹಕ್ಕಿ, ತೂಕ 150 ಗ್ರಾಂ ಆಸುಪಾಸು. ಸೈಬೀರಿಯಾದ ಆಗ್ನೇಯ ಭಾಗ, ಉತ್ತರ ಚೀನಾದಿಂದ ಹೊರಟು ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ದಾರಿಯಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ ಲಕ್ಷಗಟ್ಟಲೆ ಸೇರಿ ಗೆದ್ದಲು ತಿಂದು ಮೈ ತುಂಬಿಸಿಕೊಳ್ಳುತ್ತದೆ. 2013ರಲ್ಲಿ ಅಲ್ಲಿ ಕೆಲವಕ್ಕೆ ಉಪಗ್ರಹ ಟ್ಯಾಗ್ ಕಟ್ಟಿ ಬಿಟ್ಟಾಗ ಅವು ನಮ್ಮ ಪರ್ಯಾಯ ದ್ವೀಪ ದಾಟಿ ಅರಬ್ಬಿ ಸಮುದ್ರದ ಮೇಲೆ ನಿಲ್ಲದೆ ಹಾರಿ ಆಫ್ರಿಕಾ ಮುಟ್ಟಿದ್ದು ಗೊತ್ತಾಯಿತು. ಸಮುದ್ರದ ಮೇಲೆ ತಿನ್ನುವುದೇನು? ಮಾಲ್ಡೀವ್ಸಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಆಂಡರ್ಸನ್ ಅನ್ನುವ ವಿಜ್ಞಾನಿ 2009ರಲ್ಲಿ ಒಂದು ವಿಚಾರ ಮುಂದಿಟ್ಟರು: ಅದೇ ಹೊತ್ತಿಗೆ ಅದೇ ಗಾಳಿ ಹಿಡಿದು ಕೋಟಿಗಟ್ಟಲೆ ಏರೋಪ್ಲೇನ್ ಚಿಟ್ಟೆಗಳು ಭಾರತದಿಂದ ಆಫ್ರಿಕಾದ ಕಡೆ ಸಮುದ್ರ ದಾಟುತ್ತವೆ, ಈ ಚಾಣಗಳು ಅವನ್ನು ತಿನ್ನುತ್ತ ಹೋಗುತ್ತಿರಬಹುದು. ಬುತ್ತಿಯೇ ಜತೆಯಲ್ಲಿ ಹಾರಿ ಬಂದಂತಾಯಿತು. ಹಾಗಾಗಿ ನವೆಂಬರಿನಲ್ಲಿ ನಿಮ್ಮ ಹೊಲದ ಮೇಲೆ ಏರೋಪ್ಲೇನ್ ಚಿಟ್ಟೆಗಳ ದೊಡ್ಡ ಹಿಂಡು ಕಂಡರೆ, ವಿಶೇಷವಾಗಿ ಮೋಡ ಮುಸುಕಿದ ದಿನ, ತಂತಿಯ ಮೇಲೆ ಸಾಲಾಗಿ ಕೂತ ಸಣ್ಣ ಚಾಣಗಳಿವೆಯಾ ಅಂತ ತಪ್ಪದೆ ನೋಡಿ. ಸಿಕ್ಕೇ ಸಿಗುತ್ತವೆ ಅಂತ ಮಾತ್ರ ಮಾತು ಕೊಡಲಾರೆ. ಬಹುಪಾಲು ತೀರ ಎತ್ತರದಲ್ಲಿ ಹಾದುಹೋಗುತ್ತವೆ.

ಡಿಸೆಂಬರ್, ಜನವರಿ ಹೊಸಬರಿಗೆ ಅತ್ಯಂತ ಒಳ್ಳೇ ಕಾಲ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮನೆಮಂದಿಗೆಲ್ಲ ಬೈನಾಕ್ಯುಲರ್ ಕೊಟ್ಟು ತೋರಿಸಿ. ಹುಲ್ಲು ಒಣಗಿ ಮಿಡತೆ ಕಡಿಮೆಯಾಗುತ್ತ ಬರುತ್ತದೆ, ಆದರೆ ಜೋಳ ತೆನೆ ಕಟ್ಟಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿದಿರುತ್ತದೆ, ವಲಸೆ ನೆಲಗುಬ್ಬಿಗಳು ಬಂದಿರುತ್ತವೆ, ಇಲಿ ಹೆಚ್ಚಿರುತ್ತದೆ. ಅಂದರೆ ಅಡಿಗೆ ಬದಲಾಯಿತು. ಮಿಡತೆ ನಂಬಿದ ಮಾಂಟೆಗು ಸರಿದರೂ, ಸಣ್ಣ ಹಕ್ಕಿಗಳನ್ನು ಹೆಚ್ಚಾಗಿ ಹಿಡಿಯುವ ಪ್ಯಾಲಿಡ್ ಉಳಿಯಬಹುದು. ನಿಮ್ಮ ಲೆಕ್ಕದಲ್ಲಿ ಇದು ಕಾಣುತ್ತದಾ ನೋಡಿ. ಆಫ್ರಿಕಾದ ಸಾಹೇಲ್ ಪ್ರದೇಶದಲ್ಲಿ ಯುರೋಪಿನ ಮಾಂಟೆಗು ಸೆಳೆವಗಳಿಗೆ ಟ್ಯಾಗ್ ಕಟ್ಟಿ ನೋಡಿದವರಿಗೆ ತಿಳಿದದ್ದೂ ಇದೇ: ಅವು ಇಡೀ ಚಳಿಗಾಲ ಒಂದೇ ಕಡೆ ಇರುವುದಿಲ್ಲ, ನೆಲ ಒಣಗುತ್ತ ಬಂದ ಹಾಗೆ ಹಸಿರಿರುವ ದಕ್ಷಿಣಕ್ಕೆ ಹಂತಹಂತವಾಗಿ ಜಾಗ ಬದಲಿಸುತ್ತವೆ. ಕೆರೆ, ಹಿನ್ನೀರಿನ ಕಡೆ ಈ ಹೊತ್ತಿಗೆ ಬಾತುಗಳು ತುಂಬಿರುತ್ತವೆ, ಜೌಗು ಸೆಳೆವ ಅವುಗಳ ಮೇಲೆ ಹಾರಿ ಯಾವುದು ಸೋತಿದೆ ಅಂತ ಪರೀಕ್ಷೆ ಮಾಡುತ್ತಿರುತ್ತದೆ. ಮೀನು ಹಿಡಿಯುವ ಆಸ್ಪ್ರೇ ಕೂಡ ಚಳಿಗಾಲದ ಅತಿಥಿಯೇ.

ಫೆಬ್ರವರಿಯಲ್ಲಿ ರಾಶಿ. ಜೋಳ ಕಿತ್ತ ದಿನ, ಕಬ್ಬು ಕಡಿದ ದಿನ, ಅಡಗಿದ್ದ ಇಲಿಗಳೆಲ್ಲ ಬಯಲಿಗೆ ಬೀಳುತ್ತವೆ. ಇದು ಎರಡು-ಮೂರು ದಿನದ ಹಬ್ಬ, ಆಮೇಲೆ ಬರಗಾಲ. ಕಬ್ಬಿನ ರವದಿಗೆ ಬೆಂಕಿ ಹಚ್ಚಿದಲ್ಲಿ ಹೊಗೆಯ ಅಂಚಿನಲ್ಲೇ ಹದ್ದುಗಳು ಸುತ್ತುತ್ತವೆ, ಓಡಿ ಬರುವ ಹುಳಕ್ಕೆ, ಓತಿಕ್ಯಾತಕ್ಕೆ. ಶಿವರಾತ್ರಿ ಕಳೆದ ಮೇಲೆ ಸೆಳೆವಗಳು ಉತ್ತರಕ್ಕೆ ಹೊರಡುತ್ತವೆ, ಏಪ್ರಿಲ್ ಹೊತ್ತಿಗೆ ಬಯಲು ಖಾಲಿ.

ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ. ಬಿಸಿಲಿಗೆ ಓತಿಕ್ಯಾತ, ಹಾವು ಹೊರಗೆ ಬರುತ್ತವೆ, ಹಾಗಾಗಿ ಹಾವುಗಿಡುಗ ಇಲ್ಲೇ ಉಳಿದು ಗಿಡದ ತುದಿಯಲ್ಲಿ ಗೂಡು ಕಟ್ಟಿ, ಒಂದೇ ಮೊಟ್ಟೆ ಇಟ್ಟು ಮರಿ ಸಾಕುತ್ತದೆ. ರಾಮದಾಸ ಹದ್ದಿಗೆ ಋತುವಿನ ಹಂಗೇ ಕಡಿಮೆ. ಇಲಿ ಎಲ್ಲಿ ಹೆಚ್ಚಿತೋ ಅಲ್ಲಿಗೆ ಸರಿದು ಗೂಡು ಕಟ್ಟುತ್ತದೆ, ಇಲಿ ತೀರಿದರೆ ಜಾಗ ಬಿಡುತ್ತದೆ. ನಿಮ್ಮ ಬಿಲದ ಲೆಕ್ಕಕ್ಕೆ ಇದರಷ್ಟು ಚೆನ್ನಾಗಿ ಹೊಂದುವ ಹಕ್ಕಿ ಇನ್ನೊಂದಿಲ್ಲ.

ತಿಂದದ್ದು ಏನು ಅಂತ ತಿಳಿಯಲು

ಬೇಟೆ ಹಕ್ಕಿಗಳು ಅರಗದ ಕೂದಲು, ಮೂಳೆ, ಹುಳದ ರೆಕ್ಕೆಗಳನ್ನು ಸಣ್ಣ ಉಂಡೆ ಮಾಡಿ ಬಾಯಿಂದ ಉಗುಳುತ್ತವೆ. ರಾಮದಾಸ ಹದ್ದು ದಿನಾ ಕೂರುವ ಜಾಲಿ ಗಿಡದ ಕೆಳಗೆ ಹುಡುಕಿ. ಕೈಗವಸು, ಮಾಸ್ಕ್ ಹಾಕಿಕೊಂಡು ಎತ್ತಿ, ಕಾಗದದಲ್ಲಿ ಸುತ್ತಿ ದಿನಾಂಕ ಬರೆಯಿರಿ. ಮನೆಯಲ್ಲಿ, ಅಡಿಗೆ ಮನೆಯಿಂದ ದೂರ, ಬೆಚ್ಚನೆ ನೀರಲ್ಲಿ ನೆನೆಹಾಕಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ದವಡೆ, ಮಿಡತೆಯ ಕಾಲು ಬೇರೆ ಬೇರೆಯಾಗಿ ಸಿಗುತ್ತವೆ. ಒಂದು ಉಂಡೆಯಲ್ಲಿ ಎಷ್ಟು ದವಡೆ ಅಂತ ಎಣಿಸಿ ಬರೆದಿಡಿ. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ, ದೊಡ್ಡವರಿಗೆ ಹೇಸಿಗೆ.

ಸಂಜೆ ತಂಗುವ ಜಾಗ

ಸೆಳೆವಗಳು ಗಿಡದ ಮೇಲೆ ಮಲಗುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ ರಾತ್ರಿ ಕಳೆಯುತ್ತವೆ. ಗುಜರಾತಿನ ವೆಳಾವದರದ ಹುಲ್ಲುಗಾವಲು ಇಂಥ ಗುಂಪುಗಳಿಗೆ ಜಗತ್ತಿನಲ್ಲೇ ಹೆಸರಾದದ್ದು. ನಮ್ಮಲ್ಲಿ ಅಷ್ಟು ದೊಡ್ಡದು ನಿರೀಕ್ಷಿಸಬೇಡಿ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಮಡ್ಡಿಯ ಅಂಚಿನಲ್ಲಿ ನಿಂತು, ಸೆಳೆವಗಳು ಒಂದೇ ದಿಕ್ಕಿಗೆ ಹೋಗುತ್ತಿವೆಯಾ ನೋಡಿ. ಮರುದಿನ ಆ ದಿಕ್ಕಿನಲ್ಲಿ ಸ್ವಲ್ಪ ಮುಂದೆ ನಿಲ್ಲಿ. ಹೀಗೆ ಮೂರು-ನಾಲ್ಕು ಸಂಜೆಯಲ್ಲಿ ಜಾಗ ಸಿಗಬಹುದು. ಸಿಕ್ಕ ಮೇಲೆ ಮುನ್ನೂರು ಮೀಟರ್ ದೂರದಲ್ಲೇ ಇರಿ, ಟಾರ್ಚ್ ಬಿಡಬೇಡಿ, ನಾಯಿ ಕರೆದೊಯ್ಯಬೇಡಿ. ಉಂಡೆ ಆರಿಸುವುದಿದ್ದರೆ ಬೆಳಿಗ್ಗೆ ಹತ್ತರ ಮೇಲೆ, ಅವೆಲ್ಲ ಹೋದ ನಂತರ ಹೋಗಿ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಮಡ್ಡಿ ಸುಮ್ಮನೆ ಬಿದ್ದಿದೆ ಅಂತ ಸಾಲಾಗಿ ಗುಂಡಿ ತೋಡಿ ಗಿಡ ನೆಡುವುದೇ ಪರಿಸರದ ಕೆಲಸ ಅನ್ನುವವರ ಜತೆ ನನಗೆ ಜಗಳವಿದೆ. ಗಿಡ ಬಂದರೆ ಹುಲ್ಲು ಹೋಗುತ್ತದೆ, ಹುಲ್ಲು ಹೋದರೆ ಮಿಡತೆಯೂ ಇಲ್ಲ, ಮಲಗುವ ಜಾಗವೂ ಇಲ್ಲ.

ಬರೆದದ್ದನ್ನು ಓದುವುದು ಹೇಗೆ

ಎರಡು ಚಳಿಗಾಲದ ಲೆಕ್ಕ ಕೈಯಲ್ಲಿದ್ದರೆ ಹೋಲಿಸಲು ಶುರು ಮಾಡಿ. ಮಿಡತೆ ಕಡಿಮೆ, ಸೆಳೆವವೂ ಕಡಿಮೆ ಅಂದರೆ ಹೆಚ್ಚು ಚಿಂತೆ ಬೇಡ, ಮಳೆ ಕೈಕೊಟ್ಟಿದೆ, ಅವು ಬೇರೆ ಕಡೆ ಸರಿದಿವೆ. ಊಟ ಚೆನ್ನಾಗಿದೆ, ಹಕ್ಕಿ ಮಾತ್ರ ಇಲ್ಲ ಅಂದರೆ ಕಾರಣ ಹುಡುಕಬೇಕು. ತಂಗುವ ಹುಲ್ಲು ಸುಟ್ಟಿದೆಯಾ? ಹೊಸ ಕ್ವಾರಿ ಬಂತಾ? ಬ್ರೊಮಾಡಿಯೋಲೋನ್ ಥರದ ಇಲಿ ಪಾಷಾಣ ಜೋರಾಗಿ ಬಳಸಿದ್ದಾರಾ? ಈ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ನಿಧಾನವಾಗಿ ತೂಕಡಿಸುತ್ತ ಬಯಲಲ್ಲಿ ಓಡಾಡುತ್ತದೆ, ಹದ್ದು ಅದನ್ನೇ ಹಿಡಿಯುತ್ತದೆ, ವಿಷ ಅದರ ಮೈಯಲ್ಲೂ ಸೇರುತ್ತದೆ. ರೈತರಿಗೆ ಉಪದೇಶ ಮಾಡಲು ಹೋಗಬೇಡಿ, ಅವರ ನಷ್ಟ ಅವರಿಗೇ ಗೊತ್ತು. ಕಡಲೆ ಹೊಲದಲ್ಲಿ ಟಿ ಆಕಾರದ ಕೋಲು ನೆಟ್ಟರೆ ಹಗಲು ಹಕ್ಕಿಗಳು ಕೂತು ಕೀಡಿ ಆರಿಸುತ್ತವೆ, ರಾತ್ರಿ ಗೂಗಿ ಕೂತು ಇಲಿ ಹಿಡಿಯುತ್ತದೆ, ಇಷ್ಟು ಹೇಳಿ ಒಂದೆರಡು ಕೋಲು ನೀವೇ ನೆಟ್ಟುಕೊಡಿ. ಸತ್ತ ಅಥವಾ ಸುಸ್ತಾದ ಬೇಟೆ ಹಕ್ಕಿ ಸಿಕ್ಕರೆ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇವಕ್ಕಿದೆ, ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ.

ಲೆಕ್ಕವನ್ನು ಇ-ಬರ್ಡ್ ಆ್ಯಪ್‌ನಲ್ಲೂ ಹಾಕಿ. ಅಲ್ಲಿ ಹಕ್ಕಿಯ ಹೆಸರು, ಸಂಖ್ಯೆಗೆ ಜಾಗವಿದೆ, ಮಿಡತೆ-ಇಲಿಗೆ ಇಲ್ಲ. ಕಾಮೆಂಟ್ ಬರೆಯುವ ಜಾಗದಲ್ಲಿ "ಜೋಳ ತೆನೆ ಹಂತ, ನೂರು ಹೆಜ್ಜೆಗೆ ಇಷ್ಟು ಮಿಡತೆ, ಇಷ್ಟು ಬಿಲ ತೆರೆದವು" ಅಂತ ಸೇರಿಸಿ. ತಂಗುವ ಜಾಗದ ಗುರುತು ಮಾತ್ರ ಯಾವ ಗ್ರೂಪಿನಲ್ಲೂ ಹಂಚಬೇಡಿ. ತಾಲ್ಲೂಕಿನ ಹೆಸರು ಹೇಳಿದರೆ ಸಾಕು, ಹೆಚ್ಚು ಕೇಳಿದವರನ್ನು ನೀವೇ ಜತೆಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿ.